ಮಗುಚಿ ನೋಡಬೇಕಾದ ಶಿರಸ್ತ್ರಾಣ

ಲಂಡನ್ನಿನ ಟವರ್ ಕೋಟೆಯಲ್ಲಿ ಒಂದು ಹಳೆಯ ಕವಚವಿದೆ. ನೋಡಲು ಬಂದವರಿಗೆ ಅಲ್ಲಿಯವರು ಬಹಳ ಕಾಲ ಅದನ್ನು ಮೊಗಲ್ ಬಾದಶಹ ಕಳಿಸಿಕೊಟ್ಟ ಕಾಣಿಕೆ ಎಂದು ಹೇಳುತ್ತಿದ್ದರು. ಪಾಪ, ಬಾದಶಹನಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. 1613ರಲ್ಲಿ ಜಾನ್ ಸಾರಿಸ್ ಎಂಬ ಇಂಗ್ಲಿಷ್ ಕಪ್ತಾನ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ವ್ಯಾಪಾರದ ಅಪ್ಪಣೆ ಕೇಳಲು ಜಪಾನಿಗೆ ಹೋಗಿದ್ದ. ಆಗ ಅಲ್ಲಿ ಶೋಗನ್, ಅಂದರೆ ಆಳುವ ಸೇನಾಧಿಪತಿ, ಪಟ್ಟದಲ್ಲಿದ್ದ ತೊಕುಗಾವ ಹಿದೆತಾದ, ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆಂದು ಎರಡು ಕವಚಗಳನ್ನು ಸಾರಿಸನ ಕೈಯಲ್ಲಿ ಕೊಟ್ಟು ಕಳಿಸಿದ. ಜೇಮ್ಸ್ ಹೋದ, ಅವನ ಮಗ ಚಾರ್ಲ್ಸನ ತಲೆ ಉರುಳಿತು, ಅರಮನೆಯ ಸಾಮಾನು ಹರಾಜಾಯಿತು. ಈ ಗದ್ದಲದಲ್ಲಿ ಕವಚ ಯಾವ ಊರಿನದೆಂಬುದೇ ಮರೆತುಹೋಯಿತು. ಪೂರ್ವದ ಕಡೆಯಿಂದ ಬಂದದ್ದು, ಮೈತುಂಬ ರೇಷ್ಮೆ ಇದೆ, ಹೊಳಪಿದೆ, ಅಂದಮೇಲೆ ಹಿಂದೂಸ್ತಾನದ್ದೇ ಇರಬೇಕು ಎಂದು ಯಾರೋ ಬರೆದುಕೊಂಡರು. ಬರೆದದ್ದು ನಿಂತುಬಿಟ್ಟಿತು. ಅದರ ಜೊತೆಯ ಇನ್ನೊಂದು ಕವಚ ಈಗ ಲೀಡ್ಸ್ ನಗರದ ಸಂಗ್ರಹಾಲಯದಲ್ಲಿದೆ.

ಎರಡೂ ಜಪಾನಿನ ನಾರಾ ಪಟ್ಟಣದ ಇವಾಯಿ ಯೊಜಾಎಮೊನ್ ಎಂಬಾತನ ಕೆಲಸ. ಇವಾಯಿ ಮನೆತನದವರು ಹೆಸರು ಮಾಡಿದ್ದು ಕಬ್ಬಿಣ ಬಡಿಯುವುದರಲ್ಲಿ ಅಲ್ಲ. ಬೇರೆ ಬೇರೆ ಕೈಗಳಿಂದ ಬಂದ ಬಿಡಿಭಾಗಗಳನ್ನು ಹೊಂದಿಸಿ, ಲಾಡಿ ಹೆಣೆದು, ಒಂದು ಮೈಗೆ ಕೂರುವ ಹಾಗೆ ಕಟ್ಟುವುದರಲ್ಲಿ. ಜಪಾನಿನ ಕವಚದ ಗುಟ್ಟು ಅಲ್ಲೇ ಇದೆ. ಕವಚ ಅಂದ ಕೂಡಲೇ ನಮ್ಮ ಕಣ್ಣಿಗೆ ಕಮ್ಮಾರನ ಕುಲುಮೆ ಬರುತ್ತದೆ. ಜಪಾನಿನ ಯೋಧ ಸಮುರಾಯಿಯ ಕವಚದಲ್ಲಿ ಕಮ್ಮಾರನ ಪಾಲು ಒಂದು ಭಾಗ ಮಾತ್ರ. ಚರ್ಮ ಹದ ಮಾಡುವವನು, ಮರದ ಸೊನೆ ಬಳಿಯುವವನು, ರೇಷ್ಮೆ ಹೆಣೆಯುವವರು, ತಾಮ್ರಕ್ಕೆ ಚಿನ್ನದ ನೀರು ಹಾಕುವವನು, ಕೊನೆಗೆ ಕಾಗದ ಅಂಟಿಸುವವನು, ಇವರೆಲ್ಲರ ಕೈ ಅದರಲ್ಲಿ ಸೇರಿದೆ. ಯಾರದು ಎಷ್ಟು ಎಂದು ತಿಳಿಯಬೇಕಾದರೆ ಗಾಜಿನ ಪೆಟ್ಟಿಗೆಯ ಎದುರು ನಿಂತು ನೋಡಿದರೆ ಸಾಲದು. ಶಿರಸ್ತ್ರಾಣವನ್ನು ಕೈಗೆತ್ತಿಕೊಂಡು ಮಗುಚಬೇಕು. ಅದಕ್ಕೆ ಅವಕಾಶ ಸಿಗುವುದು ಬಹಳ ಕಡಿಮೆ ಮಂದಿಗೆ. ಆದ್ದರಿಂದ ಈ ಹತ್ತಿಪ್ಪತ್ತು ನಿಮಿಷ ಮಾತಿನಲ್ಲೇ ಮಗುಚಿ ತೋರಿಸಲು ಪ್ರಯತ್ನಿಸುತ್ತೇನೆ.

ಮೊದಲು ಹಳೆಯ ಕವಚದಿಂದ ಶುರುಮಾಡೋಣ. ಸಾವಿರ ವರ್ಷದ ಹಿಂದೆ ಸಮುರಾಯಿ ಅಂದರೆ ಮುಖ್ಯವಾಗಿ ಕುದುರೆಯ ಮೇಲೆ ಕೂತು ಬಿಲ್ಲು ಎಳೆಯುವವನು. ಕತ್ತಿಯ ಮೆರೆದಾಟವೆಲ್ಲ ಆಮೇಲಿನದು. ಅವನ ಕವಚಕ್ಕೆ ಓಯೊರೊಯಿ, ಅಂದರೆ ದೊಡ್ಡ ಕವಚ, ಎಂದು ಹೆಸರು. ಅದು ಪೆಟ್ಟಿಗೆಯ ಹಾಗೆ ಚೌಕ. ಭುಜದಿಂದ ಎರಡು ದೊಡ್ಡ ಹಲಗೆಗಳು ಇಳಿಬಿದ್ದಿರುತ್ತವೆ. ಎರಡೂ ಕೈ ಬಿಲ್ಲಿಗೆ ಬೇಕಾದವನು ಗುರಾಣಿ ಹಿಡಿಯುವುದು ಹೇಗೆ? ಆ ಭುಜದ ಹಲಗೆಗಳೇ ಅವನ ಗುರಾಣಿ. ಎಲ್ಲ ಸೇರಿ ಮೂವತ್ತು ಕಿಲೋದ ಹತ್ತಿರ ತೂಗುತ್ತಿತ್ತು. ಅದರ ಭಾರ ಬೀಳುತ್ತಿದ್ದುದು ಹೆಗಲ ಮೇಲೆ ಮತ್ತು ಜೀನಿನ ಮೇಲೆ. ಅದನ್ನು ತೊಟ್ಟು ನಡೆಯಬೇಕಾಗಿ ಬಂದವನ ಗತಿ ಕಷ್ಟವೇ.

ಈ ದೊಡ್ಡ ಕವಚದಲ್ಲಿ ಅಗಲವಾದ ಕಬ್ಬಿಣದ ತಗಡು ಕಡಿಮೆ. ಹೆಚ್ಚಿನದೆಲ್ಲ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸಣ್ಣ ಸಣ್ಣ ಪಟ್ಟಿಗಳು. ಕೊಜಾನೆ ಎಂದು ಅವುಗಳ ಹೆಸರು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಅರ್ಧ ಕೂರುತ್ತವೆ. ಹೀಗೆ ಕೂರಿಸಿದಾಗ ಯಾವ ಜಾಗದಲ್ಲಿ ಬಾಣ ಬಿದ್ದರೂ ಅದು ಎರಡು ಪದರ ದಾಟಬೇಕು. ಪ್ರತಿ ಪಟ್ಟಿಯಲ್ಲೂ ಎರಡು ಸಾಲಿನಲ್ಲಿ 13 ತೂತು. ಒಂದು ಕವಚಕ್ಕೆ ಇಂಥ ಎರಡು ಸಾವಿರದ ಆಸುಪಾಸು ಪಟ್ಟಿ ಬೇಕು. ಲೆಕ್ಕ ಹಾಕಿ ನೋಡಿ, ತೂತುಗಳೇ ಇಪ್ಪತ್ತಾರು ಸಾವಿರ! ಎಲ್ಲ ಪಟ್ಟಿಯೂ ಕಬ್ಬಿಣದ್ದಲ್ಲ. ಹೆಚ್ಚಿನವು ಗಟ್ಟಿ ಮಾಡಿದ ಹಸಿ ಚರ್ಮದವು. ಎದೆಯಂಥ ಮರ್ಮದ ಜಾಗದಲ್ಲಿ ಮಾತ್ರ ಒಂದು ಚರ್ಮ, ಒಂದು ಕಬ್ಬಿಣ, ಮತ್ತೊಂದು ಚರ್ಮ, ಹೀಗೆ ಬೆರಸುತ್ತಿದ್ದರು. ಭಾರವೂ ಹೆಚ್ಚಬಾರದು, ಜೀವವೂ ಉಳಿಯಬೇಕು. ಸಂಸಾರಸ್ಥನ ಲೆಕ್ಕಾಚಾರದ ಹಾಗಿದೆ ಇದು.

ಪಟ್ಟಿಗಳನ್ನು ಚರ್ಮದ ದಾರದಿಂದ ಸಾಲಾಗಿ ಬಿಗಿದ ಮೇಲೆ ಇಡೀ ಸಾಲಿಗೆ ಉರುಷಿ ಬಳಿಯುತ್ತಾರೆ. ಈ ಉರುಷಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ನನ್ನ ಮಟ್ಟಿಗೆ ಇಡೀ ಕವಚದಲ್ಲಿ ಅತ್ಯಂತ ಸೋಜಿಗದ ವಸ್ತು ಅದೇ.

ನಮ್ಮ ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗು ಹುಳುವಿನದು. ಬಿಸಿಗೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಉರುಷಿ ಹಾಗಲ್ಲ. ಅದು ಒಂದು ಮರದ ಸೊನೆ. ಮಾವು, ಗೇರು ಇವುಗಳ ಕುಟುಂಬದ್ದೇ ಮರ. ಗೇರುಬೀಜದ ಸೊನೆ ತಾಗಿ ಬಾಯಿ ಸುಟ್ಟುಕೊಂಡ ಕರಾವಳಿಯ ಮಕ್ಕಳಿಗೆ, ಹೊಳೆಗೇರಿನ ಮರ ಸವರಿ ಮೈಯೆಲ್ಲ ಗುಳ್ಳೆ ಎಬ್ಬಿಸಿಕೊಂಡ ಮಲೆನಾಡಿನವರಿಗೆ ಈ ಜಾತಿಯ ಸೊನೆಯ ಗುಣವನ್ನು ವಿವರಿಸಬೇಕಾಗಿಲ್ಲ. ಜಪಾನಿನಲ್ಲಿ ಉರುಷಿ ಕೆಲಸ ಕಲಿಯಲು ಬಂದ ಹುಡುಗನಿಗೆ ಮೊದಲು ಸಿಗುವ ಸಂಬಳ ತುರಿಕೆ. ಹತ್ತು ಹದಿನೈದು ವರ್ಷ ಬೆಳೆಸಿದ ಮರಕ್ಕೆ ಬೇಸಗೆಯ ಮೊದಲಿಂದ ಗೀರು ಹಾಕುತ್ತ ಹೋಗಿ, ಒಂದೇ ಋತುವಿನಲ್ಲಿ ಸೊನೆಯನ್ನೆಲ್ಲ ತೆಗೆದು, ಆಮೇಲೆ ಮರವನ್ನು ಕಡಿದುಬಿಡುತ್ತಾರೆ. ಅಷ್ಟಕ್ಕೂ ಒಂದು ಮರದಿಂದ ಸಿಗುವುದು ಒಂದು ಲೋಟದಷ್ಟು, ಸುಮಾರು 200 ಗ್ರಾಂ.

ಇನ್ನು ಅದು ಒಣಗುವ ಬಗೆ. ಬಟ್ಟೆ ಒಣಗಬೇಕಾದರೆ ಬಿಸಿಲಿಗೆ ಹಾಕುತ್ತೇವೆ. ಉರುಷಿ ಒಣಗಬೇಕಾದರೆ ತೇವದ ಪೆಟ್ಟಿಗೆಯಲ್ಲಿ ಇಡಬೇಕು. ಗಾಳಿಯಲ್ಲಿ ಎಪ್ಪತ್ತು ಎಂಬತ್ತು ಶೇಕಡ ತೇವವಿದ್ದರೇನೇ ಅದು ಗಟ್ಟಿಯಾಗುವುದು. ಕಾರಣ ಇಷ್ಟೇ: ಅದು ನೀರು ಆವಿಯಾಗಿ ಒಣಗುವ ವಸ್ತುವಲ್ಲ. ಸೊನೆಯೊಳಗೇ ಇರುವ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಹಿಡಿದು ಸೊನೆಯನ್ನು ಹೆಪ್ಪುಗಟ್ಟಿಸುತ್ತದೆ. 1883ರಲ್ಲಿ ಯೋಷಿದಾ ಹಿಕೊರೊಕುರೊ ಎಂಬ ಜಪಾನಿ ರಸಾಯನಶಾಸ್ತ್ರಜ್ಞ ಇದನ್ನು ಕಂಡು ಹೇಳಿದ. ಅದಕ್ಕೆ ನೂರಾರು ವರ್ಷ ಮೊದಲೇ ಕವಚಗಾರರು ಮಳೆಗಾಲ ಬಂದರೆ ಖುಷಿಪಡುತ್ತಿದ್ದರು, ಕಿಣ್ವದ ಹೆಸರು ಗೊತ್ತಿರಲಿಲ್ಲ ಅಷ್ಟೇ. ಒಂದು ಪದರ, ಒಣಗಲು ಬಿಡು, ಉಜ್ಜು, ಮತ್ತೊಂದು ಪದರ. ಹೀಗೆ ಹಲವು ಸಲ. ಒಮ್ಮೆ ಗಟ್ಟಿಯಾದ ಉರುಷಿಗೆ ನೀರು, ಆಮ್ಲ, ಬೆವರು ಯಾವುದೂ ತಾಗದು. ಮಳೆಯ ದೇಶದಲ್ಲಿ ಕಬ್ಬಿಣವನ್ನು ತುಕ್ಕಿನಿಂದ, ಚರ್ಮವನ್ನು ಕೊಳೆಯುವುದರಿಂದ ಕಾಪಾಡಿದ್ದು ಈ ಸೊನೆ. ಅದಿಲ್ಲದೆ ಹೋಗಿದ್ದರೆ ಇವತ್ತು ಸಂಗ್ರಹಾಲಯಗಳಲ್ಲಿ ತೋರಿಸಲು ಒಂದು ಹಿಡಿ ಪುಡಿ ಉಳಿದಿರುತ್ತಿತ್ತು.

ಇದರಲ್ಲಿ ಒಂದು ತಮಾಷೆಯೂ ಇದೆ. ತುಕ್ಕು ಬಾರದಿರಲೆಂದು ಉರುಷಿ ಬಳಿಯುವ ಇದೇ ಜನ, ಕೆಲವು ಶಿರಸ್ತ್ರಾಣಗಳಿಗೆ ತುಕ್ಕು ಹಿಡಿದಂತೆಯೇ ಕಾಣುವ ಉರುಷಿ ಬಳಿಯುತ್ತಿದ್ದರು. ಕಂದುಗೆಂಪು ಬಣ್ಣ, ಕೈಯಾಡಿಸಿದರೆ ತರಿತರಿ. ನೋಡಿದವರು ಹಳೆಯ ಕಬ್ಬಿಣ ಎಂದುಕೊಳ್ಳಬೇಕು. ಒಳಗೆ ಇರುವುದು ಕೆಲವೊಮ್ಮೆ ಚರ್ಮ! ಇನ್ನು ಕೆಲವು ಕಡೆ, ಅಗಲವಾದ ಒಂದೇ ತಗಡಿನ ಮೇಲೆ ಮಣ್ಣಿನ ಪುಡಿ ಬೆರಸಿದ ಉರುಷಿಯನ್ನು ದಪ್ಪವಾಗಿ ಮೆತ್ತಿ, ಸಣ್ಣ ಪಟ್ಟಿಗಳನ್ನು ಜೋಡಿಸಿದ ಹಾಗೆ ಏರಿಳಿತ ತರುತ್ತಿದ್ದರು. ಎರಡು ಸಾವಿರ ಪಟ್ಟಿ ಕೊರೆಯುವ ಕಷ್ಟ ತಪ್ಪಿತು, ಹಳೆಯ ಕಾಲದ ಗತ್ತೂ ಉಳಿಯಿತು. ಇದನ್ನು ಮೋಸ ಎನ್ನಬೇಕೋ ಜಾಣತನ ಎನ್ನಬೇಕೋ, ಕೊಂಡವನು ಕೊಟ್ಟ ಹಣದ ಮೇಲೆ ಹೋಗುತ್ತದೆ.

ಉರುಷಿ ಬಳಿದು ಗಟ್ಟಿಯಾದ ಸಾಲುಗಳನ್ನು ಮೇಲಿಂದ ಕೆಳಕ್ಕೆ ತೂಗುಹಾಕುವುದು ಬಣ್ಣದ ರೇಷ್ಮೆ ಲಾಡಿ. ಕೆಂಪು, ಹಸಿರು, ಕಡುನೀಲಿ, ಬಿಳಿ. ಕವಚದ ಹೆಸರು ಹೇಳುವುದೇ ಈ ಲಾಡಿಯ ಬಣ್ಣದಿಂದ. ಟೋಕಿಯೋ ನಗರದ ಪಶ್ಚಿಮಕ್ಕೆ, ಓಮೆಯ ಹತ್ತಿರದ ಬೆಟ್ಟದ ಮೇಲೆ ಮಿತಾಕೆ ದೇವಾಲಯವಿದೆ. ಅಲ್ಲಿ ಕೆಂಪು ಲಾಡಿಯ ಒಂದು ಓಯೊರೊಯಿ ಇದೆ. 1191ರಲ್ಲಿ ಹತಾಕೆಯಾಮ ಶಿಗೆತಾದ ಎಂಬ ಯೋಧ ದೇವರಿಗೆ ಒಪ್ಪಿಸಿದ್ದು ಎಂದು ಅಲ್ಲಿಯ ನಂಬಿಕೆ. ಇವತ್ತು ಅದು ಜಪಾನಿನ ರಾಷ್ಟ್ರೀಯ ನಿಧಿ. 1903ರಲ್ಲಿ ಅದನ್ನು ದುರಸ್ತಿ ಮಾಡಿದರು. ಹರಿದುಹೋಗಿದ್ದ ಕಡೆ ಹೊಸ ಕೆಂಪು ರೇಷ್ಮೆ ಹಾಕಿದರು. ಆಗತಾನೇ ಬಂದಿದ್ದ ರಾಸಾಯನಿಕ ಬಣ್ಣ. ಈಗ ನೋಡಿದರೆ ಆ ಹೊಸ ಲಾಡಿ ಬಿಳಚಿ ತಿಳಿಗುಲಾಬಿಯಾಗಿದೆ. ಎಂಟು ನೂರು ವರ್ಷದ ಹಳೆಯ ಲಾಡಿ ಇನ್ನೂ ಕೆಂಪಗೇ ಇದೆ! ಹಳೆಯದಕ್ಕೆ ಹಾಕಿದ್ದು ಅಕಾನೆ ಎಂಬ ಬಳ್ಳಿಯ ಬೇರಿನ ಬಣ್ಣ. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮಂಜಿಷ್ಠದ ಹತ್ತಿರದ ಬಂಧು ಅದು.

ಬಂಧುತ್ವದ ಮಾತು ಬಂದದ್ದರಿಂದ ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಕವಚಕ್ಕೆ ಜಿಂಕೆಯ ಮೆತ್ತನೆಯ ಚರ್ಮವೂ ಬಹಳ ಬೇಕು. ಎದೆಯ ಮುಂಭಾಗಕ್ಕೆ, ಅಂಚುಗಳಿಗೆ, ಕಟ್ಟುಗಳಿಗೆ. ಜಿಂಕೆ ಚರ್ಮದ ಮೇಲೆ ಉರುಷಿಯ ಚುಕ್ಕಿ ಚಿತ್ತಾರ ಮೂಡಿಸುವ ಒಂದು ಕಸುಬು ಜಪಾನಿನ ಕೋಫು ಪಟ್ಟಣದಲ್ಲಿ ಇಂದಿಗೂ ನಡೆದಿದೆ. ಈಗ ಅದರಿಂದ ಕೈಚೀಲ, ಪರ್ಸು ಮಾಡುತ್ತಾರೆ. ಆ ಕಸುಬಿನ ಹೆಸರು ಇಂದೆನ್. ಇಂಡಿಯಾದಿಂದ ಬಂದದ್ದು ಎನ್ನುವ ಮಾತಿನಿಂದಲೇ ಆ ಹೆಸರು ಹುಟ್ಟಿತು ಎಂದು ಅಲ್ಲಿಯವರು ಹೇಳುತ್ತಾರೆ. ಲಂಡನ್ನಿನವರು ಕವಚವನ್ನೇ ನಮ್ಮದು ಎಂದು ತಪ್ಪು ತಿಳಿದರು. ಜಪಾನಿನವರು ಒಂದು ತುಂಡು ಚರ್ಮದಲ್ಲಿ ನಮ್ಮ ಹೆಸರು ಉಳಿಸಿಕೊಂಡಿದ್ದಾರೆ.

ಈಗ ಶಿರಸ್ತ್ರಾಣಕ್ಕೆ ಬರೋಣ. ಜಪಾನಿ ಭಾಷೆಯಲ್ಲಿ ಅದಕ್ಕೆ ಕಬುತೊ ಎನ್ನುತ್ತಾರೆ. ಮೇಲಿನ ಬೋಗುಣಿಯನ್ನು ಒಂದೇ ತಗಡಿನಿಂದ ತಟ್ಟಿ ಮಾಡುತ್ತಿರಲಿಲ್ಲ. ಕಿತ್ತಳೆಯ ತೊಳೆಗಳ ಹಾಗೆ, ಕೆಳಗೆ ಅಗಲ ಮೇಲೆ ಚೂಪಾದ ತಗಡುಗಳನ್ನು ಸುತ್ತಲೂ ಜೋಡಿಸಿ ರಿವೆಟ್ ಹೊಡೆಯುತ್ತಿದ್ದರು. ಆರಂಭದಲ್ಲಿ ತಗಡುಗಳು ಕಡಿಮೆ, ರಿವೆಟ್ಟಿನ ತಲೆಗಳು ಹೊರಗೆ ಗುಬುಟುಗುಬುಟಾಗಿ ಎದ್ದಿರುತ್ತಿದ್ದವು. ಅವಕ್ಕೆ ನಕ್ಷತ್ರ ಎಂದು ಹೆಸರು. ಬರಬರುತ್ತ ತಗಡು ಹೆಚ್ಚಿದವು, ಅಗಲ ಕಿರಿದಾಯಿತು. ಹದಿನಾರನೆಯ ಶತಮಾನದ ಒಳ್ಳೆಯ ಶಿರಸ್ತ್ರಾಣಗಳಲ್ಲಿ 62 ತಗಡುಗಳು ಸಾಮಾನ್ಯ. ಪ್ರತಿ ತಗಡಿನ ಒಂದು ಅಂಚನ್ನು ಮೇಲಕ್ಕೆ ಮಡಿಸಿ ಸಣ್ಣ ಏಣು ಎಬ್ಬಿಸುತ್ತಾರೆ. ರಿವೆಟ್ಟಿನ ತಲೆಗಳನ್ನು ಅರದಿಂದ ತಿಕ್ಕಿ ಮಟ್ಟ ಮಾಡಿಬಿಡುತ್ತಾರೆ. ಹೊರಗಿನಿಂದ ನೋಡಿದರೆ ಏಣುಗಳ ಸಾಲು ಮಾತ್ರ ನೆತ್ತಿಯ ಕಡೆಗೆ ಓಡುತ್ತದೆ, ರಿವೆಟ್ ಇದೆಯೆಂಬುದೇ ತಿಳಿಯದು. 62 ಏಣುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಈ ಕೆಲಸದಲ್ಲಿ ಪೂರ್ವದ ಹಿತಾಚಿ ಸೀಮೆಯ ಸಾವೊತೊಮೆ ಮನೆತನದವರನ್ನು ಮೀರಿಸಿದವರು ಇಲ್ಲ ಎಂದು ನನ್ನ ಅಭಿಪ್ರಾಯ. ಹೆಸರಿಗೆ ಮಾತ್ರ ಕವಚಗಾರರ ಇನ್ನೊಂದು ಮನೆತನ, ಮ್ಯೋಚಿನ್, ದೊಡ್ಡದು.

ತಗಡುಗಳು ಒಂದರ ಮೇಲೊಂದು ಹಾಯುವುದರಿಂದ ಎಲ್ಲೆಡೆ ಎರಡು ಪದರ ಸಿಗುತ್ತದೆ. ಒಳ್ಳೆಯ ಕೆಲಸಗಾರ ಇಲ್ಲೂ ಒಂದು ಉಪಾಯ ಮಾಡುತ್ತಿದ್ದ. ಮೆತ್ತನೆಯ ಕಬ್ಬಿಣದ ಮೇಲೆ ಗಡಸು ಉಕ್ಕಿನ ಪದರವನ್ನು ಬೆಸೆದು ತಗಡು ಮಾಡಿ, ಗಡಸು ಮೈಯನ್ನು ಹೊರಗಿಡುತ್ತಿದ್ದ. ಹೊರಗಿನದು ಕತ್ತಿಯನ್ನು ಜಾರಿಸುತ್ತದೆ, ಒಳಗಿನದು ಪೆಟ್ಟನ್ನು ನುಂಗಿಕೊಳ್ಳುತ್ತದೆ, ಸೀಳುವುದಿಲ್ಲ.

ಬೋಗುಣಿಯ ನೆತ್ತಿಯಲ್ಲಿ ಒಂದು ತೂತು ಇರುತ್ತದೆ. ತೆಹೆನ್ ಎಂದು ಅದರ ಹೆಸರು. ಮೊದಲು ಅದು ಜುಟ್ಟಿಗಾಗಿ ಇಟ್ಟದ್ದು. ಜುಟ್ಟು, ಅದರ ಮೇಲಿನ ಮೆತ್ತನೆಯ ಟೊಪ್ಪಿ ಎರಡನ್ನೂ ತೂತಿನಿಂದ ಹೊರಗೆಳೆದುಕೊಂಡರೆ ಶಿರಸ್ತ್ರಾಣ ಅಲುಗದೆ ನಿಲ್ಲುತ್ತಿತ್ತು. ಆದರೆ ತೂತು ತೂತೇ. ಹೈಕೆ ಮನೆತನದ ಯುದ್ಧಗಳ ಹಳೆಯ ಕಥನದಲ್ಲಿ, ಉಜಿ ನದಿ ದಾಟುವಾಗ ನಾಯಕನೊಬ್ಬ ತನ್ನವರಿಗೆ ಹೇಳುವ ಬುದ್ಧಿಮಾತು ಬರುತ್ತದೆ: ತಲೆ ತಗ್ಗಿಸಿ, ಆದರೆ ತೀರಾ ತಗ್ಗಿಸಬೇಡಿ, ನೆತ್ತಿಯ ತೂತಿಗೆ ಬಾಣ ಬಿದ್ದೀತು. ಮುಂದೆ ಕೂದಲು ಕಟ್ಟುವ ರೀತಿ ಬದಲಾಯಿತು, ತೂತು ಕಿರಿದಾಯಿತು, ಕೆಲಸ ಕಳೆದುಕೊಂಡಿತು. ಆದರೂ ಅದನ್ನು ತೆಗೆಯಲಿಲ್ಲ. ಸುತ್ತಲೂ ಚಿನ್ನದ ನೀರು ಹಾಕಿದ ಸೇವಂತಿಗೆ ಹೂವಿನ ಬಿಲ್ಲೆ ಕೂರಿಸಿ ಅಲಂಕಾರ ಮಾಡಿದರು.

ಇನ್ನು ಮಗುಚಿ ನೋಡೋಣ. ಒಳಗೆ ಬಟ್ಟೆಯ ಒಂದು ಹೊದಿಕೆ ಇದೆ. ಬೋಗುಣಿಗೆ ಅಂಟಿಲ್ಲ, ಅಂಚಿಗೆ ಹೊಲಿದು ತೊಟ್ಟಿಲಿನ ಹಾಗೆ ಇಳಿಬಿಟ್ಟಿದ್ದಾರೆ. ತಲೆ ಕೂರುವುದು ಆ ತೊಟ್ಟಿಲಿನಲ್ಲಿ. ತಲೆಗೂ ಕಬ್ಬಿಣಕ್ಕೂ ನಡುವೆ ಗಾಳಿ ಇರುತ್ತದೆ. ಕತ್ತಿಯ ಏಟು ಕಬ್ಬಿಣವನ್ನು ಸೀಳದೆ ಇದ್ದರೂ, ಕಬ್ಬಿಣ ನೇರವಾಗಿ ತಲೆಗೆ ತಾಗಿದ್ದರೆ ಬುರುಡೆ ಬಿರಿಯುತ್ತದೆ. ಈ ತೊಟ್ಟಿಲು ಅದನ್ನು ತಪ್ಪಿಸುತ್ತದೆ. ಕಟ್ಟಡದ ಕೆಲಸದವರು ಹಾಕುವ ಹಳದಿ ಹೆಲ್ಮೆಟ್ಟನ್ನು ಮಗುಚಿ ನೋಡಿ, ಒಳಗೆ ಪಟ್ಟಿಗಳ ಬಲೆ ಇದೆಯಲ್ಲ, ಅದೇ ವಿಚಾರ. ಬಟ್ಟೆಯನ್ನು ಬಿಚ್ಚಿದರೆ ಅದರ ಹಿಂದೆ, ಕಬ್ಬಿಣದ ಮೇಲೆ, ಮಾಡಿದವನ ಹೆಸರು ಉಳಿಯಲ್ಲಿ ಕೆತ್ತಿದ್ದು ಸಿಕ್ಕೀತು. ತಲೆಮಾರುಗಟ್ಟಲೆ ಯಾರ ಕಣ್ಣಿಗೂ ಬೀಳದ ಸಹಿ ಅದು.

1543ರಲ್ಲಿ ತಾನೆಗಾಶಿಮ ಎಂಬ ದ್ವೀಪಕ್ಕೆ ಪೋರ್ಚುಗೀಸರು ಬಂದರು. ಅವರ ಕೈಯಲ್ಲಿ ಬತ್ತಿಕೋವಿ ಇತ್ತು. ಕೆಲವೇ ವರ್ಷಗಳಲ್ಲಿ ಜಪಾನಿನ ಕಮ್ಮಾರರು ಅದನ್ನು ತಾವೇ ಮಾಡತೊಡಗಿದರು. ಅಲ್ಲಿಗೆ ಸಣ್ಣ ಪಟ್ಟಿಗಳ ಕಾಲ ಮುಗಿಯಿತು. ಅದೂ ಅಲ್ಲದೆ ಅದು ಊರೂರಿನ ದೊರೆಗಳು ಒಬ್ಬರ ಮೇಲೊಬ್ಬರು ಬಿದ್ದು ಕಾದಾಡುತ್ತಿದ್ದ ಕಾಲ, ಸಾವಿರಾರು ಕಾಲಾಳುಗಳಿಗೆ ಬೇಗಬೇಗ ಕವಚ ಬೇಕು. ಅಗಲ ತಗಡುಗಳನ್ನು ಅಡ್ಡಡ್ಡಲಾಗಿ ರಿವೆಟ್ ಹೊಡೆದು ಎದೆಕವಚ ಮಾಡಿದರು. ಮರದ ಬಾನಿಯ ಹಲಗೆಗಳ ಹಾಗೆ ಕಾಣುವುದರಿಂದ ಅದರ ಹೆಸರೂ ಬಾನಿ ಕವಚ. ಗುಂಡು ಹೊಡೆದು ಪರೀಕ್ಷೆ ಮಾಡಿದ ಗುರುತನ್ನು ಅಳಿಸದೆ ಹಾಗೆಯೇ ಬಿಟ್ಟ ಎದೆಕವಚಗಳೂ ಇವೆ. ತಗ್ಗು ಬಿದ್ದ ಗುರುತೇ ಮಾಲಿಗೆ ಖಾತರಿ ಪತ್ರ.

ಶಿರಸ್ತ್ರಾಣವೂ ಸರಳವಾಯಿತು. ನೆತ್ತಿಯ ಮೇಲೆ ಹಣೆಯಿಂದ ಹಿಂದಕ್ಕೆ ಹೋಗುವ ಒಂದು ಉದ್ದ ಪಟ್ಟಿ, ಎಡಬಲಕ್ಕೆ ಒಂದೊಂದು ತಗಡು, ಹಣೆಗೆ, ಹಿಂದಕ್ಕೆ ಇನ್ನೊಂದೊಂದು. ಮುಗಿಯಿತು. ತಲೆಯ ಆಕಾರದ್ದು ಎಂಬರ್ಥದ ಜುನಾರಿ ಎಂದು ಅದರ ಹೆಸರು. ಬೆಲೆ ಕಡಿಮೆ, ಬಲ ಹೆಚ್ಚು, ಗುಂಡು ಜಾರುವಂಥ ಬೋಳು ಮೈ. ಕೆಲಸಗಾರಿಕೆ ಎಂದರೆ ಸೂಕ್ಷ್ಮ ಕುಸುರಿ ಮಾತ್ರ ಎಂದು ನಂಬಿದವರು ಇದರ ಮುಂದೆ ನಿಲ್ಲುವುದಿಲ್ಲ, 62 ಏಣುಗಳದನ್ನು ನೋಡಲು ಹೋಗುತ್ತಾರೆ. ನನಗೇನೋ ಐದು ತಗಡಿನಲ್ಲಿ ತಲೆ ಉಳಿಸಿದವನ ಮೇಲೇ ಹೆಚ್ಚು ಗೌರವ.

ಆದರೆ ಬೋಳು ತಲೆಯಲ್ಲಿ ದೊರೆಯನ್ನು ಗುರುತಿಸುವುದು ಹೇಗೆ? ಹೊಗೆ, ಧೂಳು, ಹತ್ತಾರು ಸಾವಿರ ಜನ. ನಾಯಕ ದೂರದಿಂದ ಕಾಣಬೇಕು. ಆಗ ಹುಟ್ಟಿದವು ವಿಚಿತ್ರ ಆಕಾರದ ಶಿರಸ್ತ್ರಾಣಗಳು. ಶಂಖ, ಬೆಕ್ಕುಮೀನಿನ ಬಾಲ, ಮೊಲದ ಕಿವಿ, ಮಗುಚಿಟ್ಟ ಬಟ್ಟಲು. ಫುಕುಓಕದ ಕುರೊದಾ ನಾಗಾಮಾಸನ ತಲೆಯ ಮೇಲೆ ಒಮ್ಮೆ ನೀರೆಮ್ಮೆಯ ದೊಡ್ಡ ಕೊಂಬು, ಇನ್ನೊಮ್ಮೆ ಹಳೆಯ ಯುದ್ಧವೊಂದು ನಡೆದ ಇಚಿನೊತಾನಿ ಎಂಬ ಪ್ರಪಾತದ ಆಕಾರ! ಇಷ್ಟೆಲ್ಲವನ್ನು ಕಬ್ಬಿಣದಲ್ಲಿ ಮಾಡಿದರೆ ಕತ್ತು ಮುರಿಯುತ್ತದೆ. ಹಾಗಾಗಿ ಒಳಗೆ ಜುನಾರಿಯಂಥ ಗಟ್ಟಿ ಬೋಗುಣಿ, ಮೇಲೆ ಕಾಗದ, ಮರ, ಚರ್ಮ, ಅದರ ಮೇಲೆ ಉರುಷಿ.

ಹೊಂಡಾ ತಾದಾಕಾತ್ಸು ಎಂಬವನು ಹಿದೆತಾದನ ತಂದೆ ತೊಕುಗಾವ ಇಯೆಯಾಸುವಿನ ಬಲಗೈ. 57 ಯುದ್ಧಗಳಲ್ಲಿ ಹೋರಾಡಿದರೂ ಒಂದು ಗಾಯವೂ ಆಗಲಿಲ್ಲವಂತೆ. ಅವನ ಶಿರಸ್ತ್ರಾಣದ ಎರಡು ಕಡೆಯಿಂದ ಕವಲೊಡೆದ ಭಾರಿ ಜಿಂಕೆಕೊಂಬುಗಳು ಎದ್ದಿವೆ. ಚಿತ್ರದಲ್ಲಿ ನೋಡಿದರೂ ಎದೆ ಝಲ್ಲೆನ್ನುತ್ತದೆ. ಅವು ಕೊಂಬಲ್ಲ, ಕಾಗದ. ಜಪಾನಿ ಕಾಗದವನ್ನು ಪದರ ಪದರವಾಗಿ ಅಂಟಿಸಿ ಕಪ್ಪು ಉರುಷಿಯಿಂದ ಗಟ್ಟಿ ಮಾಡಿದ್ದು. ಸೆಂದೈ ಸೀಮೆಯ ದಾತೆ ಮಾಸಾಮುನೆಯದು ಇನ್ನೊಂದು ರೀತಿ. ಕಪ್ಪು ಶಿರಸ್ತ್ರಾಣದ ಹಣೆಯಲ್ಲಿ ಚಿನ್ನದ ಬಣ್ಣದ ದೊಡ್ಡ ಚಂದ್ರಕಲೆ. ಗಮನಿಸಿ ನೋಡಿದರೆ ಅದರ ಒಂದು ಕೊಂಬು ಮೊಟಕು. ಬಲಗೈಯಲ್ಲಿ ಕತ್ತಿ ಎತ್ತಿದಾಗ ತಾಗದಿರಲೆಂದು ಹಾಗೆ ಮಾಡಿದ್ದು ಎಂದು ಹೇಳುತ್ತಾರೆ. ಹಾಲಿವುಡ್ಡಿನ ಸ್ಟಾರ್ ವಾರ್ಸ್ ಸಿನಿಮಾದ ಡಾರ್ತ್ ವೇಡರನ ಕಪ್ಪು ಶಿರಸ್ತ್ರಾಣವನ್ನು ಕಂಡ ಮಕ್ಕಳು ಈ ಮಾದರಿಯನ್ನು ಕೂಡಲೇ ಗುರುತು ಹಿಡಿಯುತ್ತಾರೆ. ಕತ್ತಿನ ಮೇಲೆ ಬಿಚ್ಚಿಕೊಂಡ ಆ ಅಂಚು ಜಪಾನಿನಿಂದ ಹೋದದ್ದು.

ಮುಖವಾಡದ ಬಗ್ಗೆ ಎರಡು ಮಾತು ಸಾಕು. ಮೂಗಿನಿಂದ ಗದ್ದದವರೆಗೆ ಮುಚ್ಚುವ ಕಬ್ಬಿಣದ ಮುಖ, ಸಿಟ್ಟಿನ ಸುಕ್ಕು, ಪ್ರಾಣಿಯ ಕೂದಲಿನ ಮೀಸೆ, ಕೆಲವಕ್ಕೆ ಬೆಳ್ಳಿಯ ಹಲ್ಲು. ಎಲ್ಲರೂ ಹೆದರಿಸುವ ಮುಖ ನೋಡುತ್ತಾರೆ. ಗದ್ದದ ಕೆಳಗೆ ಒಂದು ಸಣ್ಣ ತೂತಿದೆ, ಅದನ್ನು ನೋಡುವವರು ಕಡಿಮೆ. ಬೆವರು ಇಳಿದುಹೋಗಲು ಇಟ್ಟದ್ದು ಅದು. ಒಳಗೆ ಇದ್ದವನೂ ಮನುಷ್ಯನೇ ಎಂದು ನನಗೆ ನಂಬಿಕೆ ಬರುವುದು ಆ ತೂತಿನಿಂದ. 1615ರ ಓಸಾಕ ಯುದ್ಧಕ್ಕೆ ಹೊರಡುವ ಮುನ್ನ ಕಿಮುರಾ ಶಿಗೆನಾರಿ ಎಂಬ ತರುಣ ತನ್ನ ಶಿರಸ್ತ್ರಾಣಕ್ಕೆ ಸುಗಂಧದ ಧೂಪ ಹಾಕಿಕೊಂಡನಂತೆ. ತನ್ನ ತಲೆ ಶತ್ರುವಿನ ಮುಂದೆ ಬಂದಾಗ ನಾರಬಾರದು ಎಂದು. ತಲೆ ಬಂತು, ಪರಿಮಳವೂ ಬಂತು ಎನ್ನುತ್ತದೆ ಕಥೆ.

ಆ ಯುದ್ಧ ಮುಗಿದ ಮೇಲೆ ಜಪಾನಿಗೆ ಎರಡೂವರೆ ಶತಮಾನದ ಹತ್ತಿರ ಹೆಚ್ಚುಕಡಿಮೆ ಶಾಂತಿ. ಸಮುರಾಯಿಗಳು ಲೆಕ್ಕ ಬರೆಯುವ ಅಧಿಕಾರಿಗಳಾದರು. ಕವಚಗಾರರು ಮಾತ್ರ ಹಾಗೇ ಇದ್ದರು. ಯುದ್ಧವಿಲ್ಲದ ಕವಚ ಹೇಗಿರಬೇಕು? ಮೆರವಣಿಗೆಗೆ ಚೆನ್ನಾಗಿರಬೇಕು. ಮುನ್ನೂರು ನಾನೂರು ವರ್ಷದ ಹಿಂದಿನ ಓಯೊರೊಯಿಯ ಠೀವಿ ಮತ್ತೆ ಬೇಕಾಯಿತು. ದೊಡ್ಡ ಭುಜದ ಹಲಗೆ, ಒತ್ತೊತ್ತಾಗಿ ರೇಷ್ಮೆ ಲಾಡಿ, ಹಣೆಯ ಮೇಲೆ ಎರಡಡಿ ಎತ್ತರದ ಕೊಂಬು. ಮ್ಯೋಚಿನ್ ಮನೆತನದವರು ಇನ್ನೊಂದು ವ್ಯಾಪಾರವನ್ನೂ ಹಿಡಿದರು. ಹಳೆಯ ಶಿರಸ್ತ್ರಾಣ ತಂದುಕೊಟ್ಟರೆ, ಇದು ನಮ್ಮ ಇಂಥ ಪೂರ್ವಜನ ಕೈಕೆಲಸ ಎಂದು ಪ್ರಮಾಣಪತ್ರ ಬರೆದುಕೊಡುವುದು. ಪೂರ್ವಜರ ಪಟ್ಟಿಯಲ್ಲಿ ಎಷ್ಟೋ ಹೆಸರುಗಳನ್ನು ಅವರೇ ಹುಟ್ಟಿಸಿದ್ದರು. ವಂಶವೃಕ್ಷಕ್ಕೆ ಗೊಬ್ಬರ ಹಾಕಿ ಬೆಳೆಸುವವರು ಎಲ್ಲ ದೇಶದಲ್ಲೂ ಇದ್ದಾರೆ.

ಇದನ್ನೆಲ್ಲ ಕಂಡು ಸಿಟ್ಟಿಗೆದ್ದವನು ಸಕಾಕಿಬಾರ ಕೋಜಾನ್ ಎಂಬ ವಿದ್ವಾಂಸ. 1800ರಲ್ಲಿ ಅವನು ಕವಚ ಮಾಡುವ ವಿಧಾನದ ಮೇಲೆ ಒಂದು ಪುಸ್ತಕ ಬರೆದ. ಅವನ ವಾದ ತೀರಾ ಮನೆವಾರ್ತೆಯದು. ಮೈತುಂಬ ರೇಷ್ಮೆ ಹೆಣೆದ ಕವಚ ಮಳೆಯಲ್ಲಿ ನೆನೆದರೆ ನೀರು ಹೀರಿ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ಬೇಸಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಕೆಸರು ಹತ್ತಿದರೆ ಎಷ್ಟು ತೊಳೆದರೂ ಹೋಗದು. ದೂರದ ದಂಡಯಾತ್ರೆಯಲ್ಲಿ ಗಬ್ಬು ನಾರುತ್ತದೆ, ಇರುವೆ ಹೇನು ಸೇರಿಕೊಳ್ಳುತ್ತವೆ. ಇದು ನಿಜಕ್ಕೂ ಯುದ್ಧ ಕಂಡ ಕಾಲದವರಿಗೆ ಗೊತ್ತಿತ್ತು. ಅದಕ್ಕೇ ಅವರು ಲಾಡಿಯನ್ನು ಜೋಡಿ ಜೋಡಿಯಾಗಿ ದೂರ ದೂರ ಕಟ್ಟುವ ಕ್ರಮ ತಂದರು. ಮೊಮ್ಮಕ್ಕಳು ಅದನ್ನು ಬಡತನದ ಗುರುತು ಎಂದುಕೊಂಡು ಮತ್ತೆ ಒತ್ತೊತ್ತಾಗಿ ಹೆಣೆಸಿದರು. ಇವತ್ತು ಹರಾಜುಕಟ್ಟೆಯಲ್ಲಿ ಜನ ಮುಗಿಬೀಳುವುದು ಹೆಚ್ಚಾಗಿ ಈ ಮೊಮ್ಮಕ್ಕಳ ಕವಚಕ್ಕೇ. ಕೋಜಾನ್ ಇದ್ದಿದ್ದರೆ ಇನ್ನೊಂದು ಪುಸ್ತಕ ಬರೆಯುತ್ತಿದ್ದ.

ಶಾಂತಿಯ ಕಾಲವನ್ನು ಬರೀ ಬೈಯುವುದೂ ಸರಿಯಲ್ಲ. ಕವಚದ ಬೇಡಿಕೆ ತಗ್ಗಿದಾಗ ಇದೇ ಮ್ಯೋಚಿನ್‌ನವರು ಕಬ್ಬಿಣದ ಡ್ರ್ಯಾಗನ್, ಏಡಿ, ಹಾವು, ಮಿಡತೆ ಮಾಡಿದರು. ಒಂದೊಂದು ಕೀಲೂ ಜೀವಂತ ಪ್ರಾಣಿಯ ಹಾಗೆ ಬಾಗುತ್ತದೆ. ಟೋಕಿಯೋ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಮ್ಯೋಚಿನ್ ಮುನೆಆಕಿ 1713ರಲ್ಲಿ ಮಾಡಿದ ಡ್ರ್ಯಾಗನ್ ಇದೆ. ತಗಡಿನ ಮೇಲೆ ತಗಡು ಜಾರುವ ಹಾಗೆ ಜೋಡಿಸುವ ವಿದ್ಯೆ ಕತ್ತಿನ ಕವಚದಿಂದ ಡ್ರ್ಯಾಗನ್ನಿನ ಬೆನ್ನಿಗೆ ಹೋಗಿ ಕೂತಿತು.

1868ರಲ್ಲಿ ಶೋಗನ್ನರ ಆಳ್ವಿಕೆ ಮುಗಿಯಿತು. 1876ರಲ್ಲಿ ಸಮುರಾಯಿಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ಸರ್ಕಾರ ನಿಷೇಧಿಸಿತು. ಸಂಬಳ ನಿಂತ ಮನೆಗಳಿಂದ ಕವಚಗಳು ಗುಜರಿಯ ಬೆಲೆಗೆ ಹೊರಬಿದ್ದು ಹಡಗು ಹತ್ತಿದವು. ಕೊಂಡವರಲ್ಲಿ ಬ್ಯಾಷ್‌ಫರ್ಡ್ ಡೀನ್ ಎಂಬ ಅಮೆರಿಕನ್ನನೂ ಒಬ್ಬ. ಅವನು ಮೂಲತಃ ಮೀನುಗಳ ವಿಜ್ಞಾನಿ, ಅದರಲ್ಲೂ ಕೋಟ್ಯಂತರ ವರ್ಷದ ಹಿಂದೆ ಮೈಮೇಲೆ ಎಲುಬಿನ ಕವಚ ತೊಟ್ಟು ಈಜುತ್ತಿದ್ದ ಮೀನುಗಳಲ್ಲಿ ಪರಿಣತ. ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಆಯುಧ ವಿಭಾಗಕ್ಕೆ ಅವನೇ ಮೊದಲ ಮುಖ್ಯಸ್ಥನಾದ. ಮೀನಿನ ಹುರುಪೆಗೂ ಕೊಜಾನೆಗೂ ಇರುವ ಹೋಲಿಕೆ ಅವನಿಗಿಂತ ಚೆನ್ನಾಗಿ ಯಾರಿಗೆ ಕಂಡೀತು? ಅವನು 1914ರಲ್ಲಿ ದಾನವಾಗಿ ಕೊಟ್ಟ ಹದಿನಾಲ್ಕನೆಯ ಶತಮಾನದ ಓಯೊರೊಯಿ ಇಂದಿಗೂ ಅಲ್ಲಿದೆ.

ಮ್ಯೋಚಿನ್ ಮನೆತನ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಅವರ ಒಂದು ಶಾಖೆ ಹಿಮೇಜಿ ಪಟ್ಟಣದಲ್ಲಿ ಉಳಿಯಿತು. ಕವಚ ಕೇಳುವವರು ಇಲ್ಲದಾದಾಗ ಅವರು ಒಲೆಯ ಕೆಂಡ ಎತ್ತುವ ಕಬ್ಬಿಣದ ಕಡ್ಡಿಗಳನ್ನು ಬಡಿದು ಮಾರಿದರು. ಮನೆಗಳಿಗೆ ವಿದ್ಯುತ್ತು, ಗ್ಯಾಸು ಬಂದು ಕೆಂಡವೂ ಹೋಯಿತು. 1960ರ ದಶಕದಲ್ಲಿ ಅವರು ನಾಲ್ಕು ಕೆಂಡದ ಕಡ್ಡಿಗಳನ್ನು ದಾರದಲ್ಲಿ ಇಳಿಬಿಟ್ಟು ನಡುವೆ ಒಂದು ಬಿಲ್ಲೆ ತೂಗುಹಾಕಿದರು. ಗಾಳಿ ಬೀಸಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ತೆಳ್ಳಗೆ, ಬಹಳ ಹೊತ್ತು ಗುಂಯ್ಗುಡುತ್ತದೆ. ಅದನ್ನು ಅವರು ಈಗಲೂ ಮಾಡುತ್ತಾರೆ, ಕೊಂಡವರು ಕಿಟಕಿಗೆ ಕಟ್ಟಿಕೊಳ್ಳುತ್ತಾರೆ.